ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಮಲಗಿದ್ದ ಹಳೇಬೀಡಿನ ಹುಡುಗ

ಬೆಂಗಳೂರಲ್ಲಿ ಸ್ವಂತ ಫ್ಲ್ಯಾಟ್ ತಗೊಂಡಿದ್ದೀರಾ? ಹಾಗಿದ್ದರೆ ಆಸ್ತಿ ತೆರಿಗೆ ಕಟ್ಟುವಾಗ ಸೆಸ್‌ಗಳ ಸಾಲನ್ನೊಮ್ಮೆ ನೋಡಿ. ಆರೋಗ್ಯಕ್ಕೆ 15%, ಗ್ರಂಥಾಲಯಕ್ಕೆ 6%, ಅದರ ಜೊತೆಗೆ ಭಿಕ್ಷುಕರ ಹೆಸರಲ್ಲಿ 3%. ಅರಸೀಕೆರೆಯಲ್ಲಿ ನಮ್ಮಪ್ಪ ಕಟ್ಟುವ ಮನೆ ಕಂದಾಯದಲ್ಲೂ ಈ ಭಿಕ್ಷುಕರ ಕರ ಇದೆ. ವರ್ಷಾವರ್ಷ ಕಟ್ಟುತ್ತೇವೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲವೇನೋ, ಚಿಕ್ಕಮ್ಮನ ಜೊತೆ ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ಅವರ ಮಗನನ್ನು ಹುಡುಕಿಕೊಂಡು ಓಡಾಡುವ ಪ್ರಸಂಗ ಬರದೇ ಇದ್ದಿದ್ದರೆ.

ಚಿಕ್ಕಮ್ಮ ಅಂದರೆ ರಕ್ತಸಂಬಂಧವೇನಿಲ್ಲ. ಹಳೇಬೀಡು ನಮ್ಮಮ್ಮನ ತವರು, ಇವರು ಅಮ್ಮನ ಬಾಲ್ಯದ ಗೆಳತಿ. ದೇವಸ್ಥಾನದ ಹತ್ತಿರ ಎಳನೀರು ಮಾರುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೊ ಪಟ್ಟಿ ಸೇರಿದವಲ್ಲ, ಆಮೇಲೆ ವೀಕೆಂಡ್ ಜನ ಜಾಸ್ತಿಯಾದರು. ಕಾಯಿ ಕೊಚ್ಚಿ ಸ್ಟ್ರಾ ಹಾಕಿ ಕೈಗೆ ಕೊಟ್ಟಮೇಲೆ ಚಿಕ್ಕಮ್ಮ ಕೇಳುತ್ತಿದ್ದ ಪ್ರಶ್ನೆ ಒಂದೇ. "ಬೆಂಗ್ಳೂರಿಂದ ಬಂದಿದ್ದೀರಾ? ಈ ಹುಡುಗನ್ನ ಎಲ್ಲಾರ ಕಂಡಿದ್ದೀರಾ ನೋಡ್ರಪ್ಪ." ಪ್ಲಾಸ್ಟಿಕ್ ಕವರಿನಲ್ಲಿಟ್ಟ ಪಾಸ್‌ಪೋರ್ಟ್ ಸೈಜ್ ಫೋಟೊ. ಒಂದೂಕಾಲು ಕೋಟಿ ಜನರ ಊರಲ್ಲಿ ಒಂದು ಮುಖ! ಕೆಲವರು ನಗುತ್ತಿದ್ದರು. ಕೆಲವರು ಪಾಪ ಅಂತ ಫೋಟೊದ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು.

(ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.)

ಹುಡುಗ ಐಟಿಐ ಮುಗಿಸಿ ಪೀಣ್ಯದ ಒಂದು ವರ್ಕ್‌ಶಾಪ್ ಸೇರಿದ್ದ. ಡಬಲ್ ಶಿಫ್ಟ್, ಬೆನ್ನು ನೋವು. ಜೊತೆಯ ಕೆಲಸಗಾರನೊಬ್ಬ ಮಾತ್ರೆ ಕೊಟ್ಟ. ಟ್ಯಾಪೆಂಟಡಾಲ್ ಅನ್ನುವ ನೋವಿನ ಮಾತ್ರೆ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದ್ದು. ಮೊದಲು ನೋವಿಗೆ ನುಂಗಿದ, ಆಮೇಲೆ ನುಂಗದಿದ್ದರೆ ಮೈಕೈ ಹಿಂಡುತ್ತೆ ಅಂತ ನುಂಗಿದ. ಸಂಜೆಗೆ ಕ್ವಾರ್ಟರ್ ಬೇರೆ. ಕೆಲಸ ಹೋಯಿತು, ರೂಮಿನ ಬಾಡಿಗೆ ನಿಂತಿತು, ಅಡ್ವಾನ್ಸ್ ಕರಗಿತು. ಫೋನ್ ಮಾರಿದ. ಮಲಗಿದ್ದಾಗ ಯಾರೋ ಬ್ಯಾಗ್ ಹೊತ್ತೊಯ್ದರು, ಆಧಾರ್ ಕಾರ್ಡ್ ಅದರಲ್ಲೇ ಹೋಯಿತು. ಅಷ್ಟೇ ನೋಡಿ. ಮನೆ ಇಲ್ಲದವನಾಗಲು ಅವನಿಗೆ ಹಿಡಿದಿದ್ದು ಆರು ತಿಂಗಳು. ಇದೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ. ಆಗ ಗೊತ್ತಿದ್ದದ್ದು ಫೋನ್ ಸ್ವಿಚ್ ಆಫ್ ಅಂತ ಮಾತ್ರ.

ಎಬ್ಬಿಸಿ ಎಲ್ಲಿಗೆ ಕಳಿಸೋದು?

ಊರಿನ ಠಾಣೆಯಲ್ಲಿ ಕಾಣೆಯಾದ ದೂರು ಬರೆದುಕೊಂಡರು. ಬೆಂಗಳೂರಿನ ಒಂದು ಠಾಣೆಯಲ್ಲಿ ಆದ ಅನುಭವ ಬೇರೆ. "ವಯಸ್ಸೆಷ್ಟಮ್ಮ? ಮೂವತ್ತೊಂದಾ? ಮೇಜರ್ ಅಲ್ವಾ, ಎಲ್ಲೋ ಕುಡ್ಕೊಂಡು ಬಿದ್ದಿರ್ತಾನೆ, ದುಡ್ಡು ಮುಗಿದ್ಮೇಲೆ ಬರ್ತಾನೆ ಬಿಡಿ." ಚಿಕ್ಕಮ್ಮ ಆ ಮಾತಿಗೆ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಹೊರಗೆ ಬಂದವರೇ, "ಕುಡ್ಕೊಂಡು ಬಿದ್ದಿರೋನ್ನೇ ಅಲ್ವಾ ಮಗ ಹುಡುಕ್ಬೇಕಾಗಿರದು? ನೆಟ್ಟಗಿದ್ದಿದ್ರೆ ಅವ್ನೇ ಬತ್ತಿದ್ದ" ಅಂದರು.

ಅಕ್ಟೋಬರ್‌ನಿಂದ ನಾನು ಶನಿವಾರ ರಾತ್ರಿಗಳನ್ನು ಇದಕ್ಕೇ ಇಟ್ಟೆ. ಮೆಜೆಸ್ಟಿಕ್, ರೈಲ್ವೆ ಸ್ಟೇಷನ್ ಮುಂಭಾಗ, ಕಲಾಸಿಪಾಳ್ಯ, ಕೆ.ಆರ್. ಮಾರ್ಕೆಟ್ಟಿನ ಫ್ಲೈಓವರ್ ಕೆಳಗೆ. ಹಗಲು ನಾವು ಓಡಾಡುವ ಜಾಗವೇ ಹನ್ನೊಂದರ ಮೇಲೆ ಬೇರೆ ಊರು. ಎಲ್ಲರೂ ನಶೆಯವರು ಅಂತ ತಿಳಿಯಬೇಡಿ. ಹೆಚ್ಚಿನವರು ದುಡಿಯುವವರೇ. ಮೂಟೆ ಹೊರುವವರು, ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವವರು, ಗಾರೆ ಕೆಲಸದವರು. ಬಾಡಿಗೆ ಕೊಟ್ಟರೆ ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ ಅಂತ ಅಂಗಡಿ ಶಟರ್ ಮುಂದೆ ಮಲಗುತ್ತಾರೆ. 2011ರ ಜನಗಣತಿ ಹೇಳುವ ಪ್ರಕಾರ ದೇಶದಲ್ಲಿ ಮನೆ ಇಲ್ಲದವರು 17.7 ಲಕ್ಷ. ಒಂದು ರಾತ್ರಿ ಎಣಿಸಿದ ಲೆಕ್ಕ ಅದು. ಶಟರ್ ಮುಂದೆ ಮಲಗಿ ಬೆಳಗಿನ ಜಾವ ಎದ್ದು ಹೋಗುವ ಇವರೆಲ್ಲ ಅದಕ್ಕೆ ಸಿಕ್ಕಿದ್ದಾರೆಂದು ನನಗಂತೂ ಅನ್ನಿಸುವುದಿಲ್ಲ.

ಮೂಲೆಯಲ್ಲಿ ಪಂಕ್ಚರ್ ಸಲ್ಯೂಷನ್ ಬಟ್ಟೆಗೆ ಹಾಕಿಕೊಂಡು ಎಳೆಯುತ್ತಿದ್ದ ಮಕ್ಕಳನ್ನೂ ನೋಡಿದೆ. ಏಮ್ಸ್‌ನವರು ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದು ಅಂಶ ಇದೆ: ಎಲ್ಲ ನಶೆ ಪದಾರ್ಥಗಳ ಪೈಕಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಿರುವುದು ಹೀಗೆ ಮೂಸುವ ವಸ್ತುಗಳ ಬಳಕೆ ಮಾತ್ರ. ದೊಡ್ಡವರಲ್ಲಿ 0.58%, ಮಕ್ಕಳಲ್ಲಿ 1.17%. ಮಕ್ಕಳಿಗೆ ನಶೆ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಅಂಥ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ನಾನು ಮಾಡಿದೆ.

ಒಂದು ರಾತ್ರಿ ಬೀಟ್ ಕಾನ್‌ಸ್ಟೆಬಲ್ ಒಬ್ಬರು ಲಾಠಿಯಿಂದ ನೆಲ ತಟ್ಟಿ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಕೋಪ ಬಂತು, ಹೋಗಿ ಮಾತಾಡಿಸಿದೆ. ಮನುಷ್ಯ ಬೇಸರದಲ್ಲೇ ಇದ್ದರು. "ಎಬ್ಬಿಸ್ದಿದ್ರೆ ಅಂಗಡಿಯೋರು ಕಂಪ್ಲೇಂಟ್ ಕೊಡ್ತಾರೆ. ಎಬ್ಬಿಸಿದ್ರೆ ಎಲ್ಲಿಗೆ ಕಳಿಸ್ಲಿ, ನೀವೇ ಹೇಳಿ. ಈ ಕಡೆಯಿಂದ ಆ ಕಡೆಗೆ ಹೋಗ್ತಾರೆ, ಆ ಕಡೆಯ ಬೀಟಿನವ್ರು ಈ ಕಡೆಗೆ ಓಡಿಸ್ತಾರೆ." ಈ ಸಮಸ್ಯೆ ಬಗ್ಗೆ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು.

1975ರ ಕಾನೂನು

ಆ 3% ಸೆಸ್ಸಿನ ಮೂಲ ಇರುವುದು ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರಲ್ಲಿ. ಭಿಕ್ಷುಕ ಅಂದರೆ ಕೈಚಾಚುವವನು ಅಷ್ಟೇ ಅಲ್ಲ. ಜೀವನಕ್ಕೆ ಕಣ್ಣಿಗೆ ಕಾಣುವಂಥ ದಾರಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಅಲೆಯುವವನನ್ನೂ ಅದರಡಿ ಹಿಡಿಯಬಹುದು. ಹಿಡಿದವರನ್ನು ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇರಿಸಬಹುದು. ಬೆಂಗಳೂರಿನದು ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿದೆ. ಜನ ಇಂದಿಗೂ 'ಬೆಗ್ಗರ್ಸ್ ಕಾಲೊನಿ' ಅಂತಲೇ ಕರೆಯುತ್ತಾರೆ.

2010ರ ಆಗಸ್ಟ್ ನೆನಪಿದೆಯಾ? ನಿಮ್ಮಲ್ಲಿ ಹಲವರು ಆಗ ಸ್ಕೂಲಿನಲ್ಲಿದ್ದಿರಬಹುದು. ಕೆಲವೇ ದಿನಗಳಲ್ಲಿ ಆ ಕೇಂದ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮುಖ್ಯಮಂತ್ರಿ ಹೋಗಿ ನೋಡಿದರು, ತನಿಖೆ ಆಯಿತು, ಸಮಾಜ ಕಲ್ಯಾಣ ಸಚಿವರ ಕುರ್ಚಿ ಹೋಯಿತು. ಕೂಲಿಗೆಂದು ನಿಂತಿದ್ದವರನ್ನೂ ಹಿಡಿದು ತಂದಿದ್ದರು ಅನ್ನುವ ದೂರು ಆಗಲೇ ಎದ್ದಿತು. ಅಲ್ಲಿಂದೀಚೆಗೆ ಕೇಂದ್ರ ಸುಧಾರಿಸಿರಬಹುದು, ನಾವು ಹೋಗಿ ಕೇಳಿದಾಗ ಪುಸ್ತಕ ನೋಡಿ 'ಇಲ್ಲಮ್ಮ' ಅಂತ ಸಮಾಧಾನವಾಗೇ ಹೇಳಿದರು. ಆದರೆ ಕಾನೂನು ಅದೇ ಇದೆ.

ದೆಹಲಿಯಲ್ಲಿ ಇಂಥದ್ದೇ ಕಾನೂನಿತ್ತು. 2018ರ ಆಗಸ್ಟ್ 8ರಂದು ದೆಹಲಿ ಹೈಕೋರ್ಟ್, ಭಿಕ್ಷೆ ಬೇಡುವುದನ್ನು ಅಪರಾಧ ಮಾಡುವ ಅದರ ಕಲಮುಗಳನ್ನು ರದ್ದು ಮಾಡಿತು. 2021ರಲ್ಲಿ ಭಿಕ್ಷುಕರನ್ನು ರಸ್ತೆಯಿಂದ ತೆಗೆಸಬೇಕೆಂಬ ಕೋರಿಕೆ ಬಂದಾಗ ಸುಪ್ರೀಂ ಕೋರ್ಟ್, ಇದನ್ನು ಉಳ್ಳವರ ಕಣ್ಣಿಂದ ನೋಡಲಾಗದು, ಬೇರೆ ದಾರಿ ಇಲ್ಲದೆ ಜನ ಬೇಡುತ್ತಾರೆ ಅನ್ನುವ ಅರ್ಥದ ಮಾತಾಡಿತು.

ಪೊಲೀಸರ ಕೈಯಲ್ಲೇ ಇರುವ ಇನ್ನೊಂದು ಕಾನೂನು

ಹುಡುಕಾಟದ ನಡುವೆ ವಕೀಲ ಸ್ನೇಹಿತೆಯೊಬ್ಬಳು, "ಮೆಂಟಲ್ ಹೆಲ್ತ್‌ಕೇರ್ ಆಕ್ಟ್ ಓದು, ಸೆಕ್ಷನ್ 100 ನೋಡು" ಅಂದಳು. ಅಲ್ಲಿಯವರೆಗೂ ನನಗೆ ಅದು ಹುಚ್ಚಾಸ್ಪತ್ರೆಯ ಕಾನೂನು ಅಂತಲೇ ಇತ್ತು. ಅಲ್ಲ. 2017ರ ಆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಮದ್ಯ ಮತ್ತು ಮಾದಕ ವಸ್ತುವಿನಿಂದ ಬರುವ ಸ್ಥಿತಿಯೂ ಸೇರಿದೆ.

ಸೆಕ್ಷನ್ 100 ಏನು ಹೇಳುತ್ತದೆ ಗೊತ್ತಾ? ಠಾಣೆಯ ವ್ಯಾಪ್ತಿಯಲ್ಲಿ ಯಾರಾದರೂ ಅಲೆಯುತ್ತಿದ್ದು, ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾರದ ಸ್ಥಿತಿಯಲ್ಲಿದ್ದಾನೆ ಅಂತ ಅನ್ನಿಸಿದರೆ ಅವನನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಯಾವ ಕಾರಣಕ್ಕೂ ಇಡುವಂತಿಲ್ಲ. ಅಡ್ಮಿಟ್ ಮಾಡುವ ಅಗತ್ಯ ಇಲ್ಲ ಅಂತ ಡಾಕ್ಟರು ಹೇಳಿದರೆ ಮನೆಗೆ, ಮನೆ ಇಲ್ಲದಿದ್ದರೆ ನಿರಾಶ್ರಿತರಿಗಾಗಿ ಇರುವ ಸರ್ಕಾರಿ ಆಶ್ರಯಕ್ಕೆ ಬಿಡಬೇಕು. ಜೊತೆಗೆ, ಕಾಣೆಯಾದವರ ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದೇ.

ಚಿಕ್ಕಮ್ಮ ಫೋಟೊ ಹಿಡಿದುಕೊಂಡು ಮಾಡುತ್ತಿದ್ದರಲ್ಲ, ಅದು ಠಾಣೆಯವರು ಮಾಡಬೇಕಿದ್ದ ಕೆಲಸ.

ಇನ್ನೆರಡು ವಿಷಯ ಹೇಳಿಬಿಡುತ್ತೇನೆ. ಅದೇ ಕಾಯ್ದೆಯ ಸೆಕ್ಷನ್ 18ರ ಪ್ರಕಾರ ಮನೆ ಇಲ್ಲದವರಿಗೆ, ದಿಕ್ಕಿಲ್ಲದವರಿಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಸರ್ಕಾರ ನಡೆಸುವ ಅಥವಾ ಅನುದಾನ ಕೊಡುವ ಕಡೆ ಚಿಕಿತ್ಸೆ ಉಚಿತ. ಎರಡನೆಯದು, 'ಹೋಗಿ ಹೇಳಿಕೊಂಡರೆ ಕೇಸ್ ಹಾಕಿ ಒಳಗೆ ಹಾಕ್ತಾರೆ' ಅನ್ನುವ ಭಯದ ಬಗ್ಗೆ. 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣವೇ, ಸೇವಿಸಿದ್ದಕ್ಕೂ ಶಿಕ್ಷೆ ಇದೆ. ಆದರೆ ಅದರದೇ 64ಎ ಕಲಮು, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿಯೇ ಮುಂದೆ ಬಂದು ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ ಆ ಕೇಸಿನಿಂದ ರಕ್ಷಣೆ ಕೊಡುತ್ತದೆ. ಅರ್ಧಕ್ಕೆ ಬಿಟ್ಟರೆ ರಕ್ಷಣೆಯನ್ನು ವಾಪಸ್ ಪಡೆಯಬಹುದು. ಮಾರುವವನಿಗೆ ಇದು ಸಿಗುವುದಿಲ್ಲ, ಸಿಗಲೂಬಾರದು.

ಹಿಡಿದು ಕೂಡಿಹಾಕಿದರೆ ನಶೆ ಇಳಿಯುತ್ತೆ ಅನ್ನುವವರಿಗೆ ವೈದ್ಯರು ಹೇಳುವುದು ಕೇಳಿಸಬೇಕು. ವರ್ಷಗಟ್ಟಲೆ ಕುಡಿದವನಿಗೆ ಇದ್ದಕ್ಕಿದ್ದಂತೆ ಕುಡಿತ ನಿಂತರೆ ಒಂದು ದಿನದೊಳಗೆ ಕೈ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಕೆಲವರಿಗೆ ಭ್ರಮೆ ಹಿಡಿದು, ಇಲ್ಲದ್ದು ಕಾಣಿಸಿ, ಜ್ವರ ಏರಿ ಪ್ರಾಣಕ್ಕೇ ಬರುತ್ತದೆ. ಔಷಧಿ ಕೊಟ್ಟರೆ ತಪ್ಪಿಸಬಹುದಾದ ಸಾವು ಅದು. ಟ್ಯಾಪೆಂಟಡಾಲ್, ಹೆರಾಯಿನ್ ಥರದವಕ್ಕೆ ಇನ್ನೊಂದು ಅಪಾಯ. ಕೆಲವು ವಾರ ಬಿಟ್ಟಿದ್ದವನ ದೇಹಕ್ಕೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ. ಹೊರಗೆ ಬಂದವನು ಮೊದಲಿನಷ್ಟೇ ತಗೊಂಡರೆ ಉಸಿರು ನಿಂತುಹೋಗಬಹುದು. ಅದಕ್ಕೇ ಹೇಳುವುದು, ಬಿಡಿಸುವುದು ಆಸ್ಪತ್ರೆಯ ಕೆಲಸ.

ಬಾಗಿಲ ಹತ್ತಿರವೇ ನಿಲ್ಲುವ ಕಥೆ

ಆದರೂ ಎಲ್ಲವನ್ನೂ ಪೊಲೀಸರ ತಲೆಗೆ ಕಟ್ಟುವುದು ಸುಲಭ. ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ಸುಪ್ರೀಂ ಕೋರ್ಟ್ 2010ರಲ್ಲಿ ಕೈಗೆತ್ತಿಕೊಂಡ ಮೇಲೆ ಬಂದ ನಿಯಮದ ಪ್ರಕಾರ ನಗರದಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ವರ್ಷಪೂರ್ತಿ, 24 ಗಂಟೆ ತೆರೆದಿರುವ ಒಂದು ಆಶ್ರಯ ಕೇಂದ್ರ ಇರಬೇಕು. ಬೆಂಗಳೂರಿನ 2011ರ ಜನಸಂಖ್ಯೆ 84 ಲಕ್ಷ ಅಂತ ಹಿಡಿದರೂ 84 ಬೇಕು. ನಿಮ್ಮ ಏರಿಯಾದಲ್ಲಿ ಎಲ್ಲಿದೆ ಹೇಳಿ ನೋಡೋಣ? ಬ್ರೂವರಿ ಎಲ್ಲಿದೆ ಅಂದರೆ ಹೇಳುತ್ತೀರಿ.

ನಾವು ಹೋದ ಎರಡು ಆಶ್ರಯ ಕೇಂದ್ರಗಳಲ್ಲಿ 'ಕುಡಿದು ಬಂದವರಿಗೆ ಪ್ರವೇಶವಿಲ್ಲ' ಅಂತ ಬೋರ್ಡಿತ್ತು. ಅವರ ಕಷ್ಟವೂ ಅರ್ಥವಾಗುತ್ತದೆ. ಒಳಗೆ ಮುದುಕರಿರುತ್ತಾರೆ, ಬೆಳಗ್ಗೆ ಕೆಲಸಕ್ಕೆ ಹೋಗುವವರಿರುತ್ತಾರೆ, ನೋಡಿಕೊಳ್ಳಲು ಒಬ್ಬನೇ ಕೇರ್‌ಟೇಕರ್. ಡಿ-ಅಡಿಕ್ಷನ್ ಸೆಂಟರಿಗೆ ಫೋನ್ ಮಾಡಿದರೆ ಆಧಾರ್ ಇದೆಯಾ, ಜೊತೆಗೆ ಇರಲು ಮನೆಯವರು ಯಾರು ಬರುತ್ತಾರೆ ಅಂತ ಕೇಳುತ್ತಾರೆ. ಮನೆಯವರಿದ್ದರೆ ಅವನು ಬೀದಿಯಲ್ಲಿ ಯಾಕಿರುತ್ತಿದ್ದ ಸ್ವಾಮಿ! ನಶೆ ಬಿಟ್ಟರೆ ಆಶ್ರಯ ಸಿಗುತ್ತದೆ, ಆಶ್ರಯ ಇದ್ದರೆ ನಶೆ ಬಿಡಬಹುದು. ಇವೆರಡರ ನಡುವೆ ಫುಟ್‌ಪಾತ್.

ನಮ್ಮೂರ ಕಡೆ ಹೀಗಿಲ್ಲ ಅಂತ ಹೆಮ್ಮೆಪಡುವುದಕ್ಕೂ ಆಗುವುದಿಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲೂ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಮಲಗುವವರಿದ್ದಾರೆ, ಹುಣ್ಣಿಮೆ ದಿನ ಜೇನುಕಲ್ಲು ಬೆಟ್ಟದ ದಾರಿಯಲ್ಲಿ ಸಾಲಾಗಿ ಕೂರುವವರಿದ್ದಾರೆ. ವ್ಯತ್ಯಾಸ ಒಂದೇ, ಅವರಲ್ಲಿ ಮೂರ್ನಾಲ್ಕು ಜನರ ಹೆಸರು ನಮ್ಮಪ್ಪನಿಗೆ ಗೊತ್ತು.

"ಅರಸೀಕೆರೆ ಕಡೆಯೋನು ಅಂದ"

ಸಿಕ್ಕಿದ್ದು ಡಿಸೆಂಬರ್ ಕೊನೆಗೆ. ನಾನು ಹುಡುಕಿ ಸಿಕ್ಕಿದ್ದಲ್ಲ. ನಾವು ಫೋಟೊ ಕೊಟ್ಟು ಬಂದಿದ್ದ ಆಶ್ರಯ ಕೇಂದ್ರವೊಂದರ ಕೇರ್‌ಟೇಕರ್, ಬಾಗಿಲ ಹೊರಗೆ ಜ್ವರದಲ್ಲಿ ಬಿದ್ದಿದ್ದವನನ್ನು ನಿಯಮ ಪಕ್ಕಕ್ಕಿಟ್ಟು ಒಳಗೆ ಮಲಗಿಸಿ, ಯಾವೂರು ಅಂತ ಕೇಳಿದ್ದಾರೆ. ಅವನು ಹಳೇಬೀಡು ಅನ್ನಲಿಲ್ಲ. ಗುರುತು ಸಿಕ್ಕೀತು ಅನ್ನುವ ನಾಚಿಕೆ. "ಅರಸೀಕೆರೆ ಕಡೆಯೋನು" ಅಂದನಂತೆ. ಅಷ್ಟು ಸಾಕಾಯಿತು, ಅವರು ಫೋಟೊ ತೆಗೆದು ನೋಡಿ ನನಗೆ ಫೋನ್ ಮಾಡಿದರು.

ಚಿಕ್ಕಮ್ಮ ರಾತ್ರೋರಾತ್ರಿ ಹೊರಟರು. ಬೆಳಗ್ಗೆ ಅವನ ಮುಂದೆ ಕೂತವರು ಬೈಯಲಿಲ್ಲ. "ಎಷ್ಟ್ ಸೊರಗೋಗಿದ್ದೀಯ ಮಗ, ಹಲ್ಲೆಲ್ಲ ಏನಾಯ್ತು?" ಅಂದರು. ಮುಂದಿನ ಹಲ್ಲೊಂದು ಇರಲಿಲ್ಲ. ಯಾರು ಹೊಡೆದರು ಅಂತ ಅವನು ಇವತ್ತಿನವರೆಗೂ ಹೇಳಿಲ್ಲ.

ಅಮ್ಮ ಜೊತೆಗಿದ್ದುದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಅಡ್ಮಿಷನ್ ಸಿಕ್ಕಿತು. ಹದಿನೆಂಟು ದಿನ. ಊರಿಗೆ ಬಂದ ಮೇಲೆ ಮುಂದೇನು ಅನ್ನುವ ಚಿಂತೆ ಇತ್ತು. ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗುವುದು ಅಂದರೆ, ಮತ್ತೆ ಅದೇ ಮೆಜೆಸ್ಟಿಕ್ಕಿನಲ್ಲಿ ಇಳಿಯಬೇಕು. ಆಗ ಗೊತ್ತಾಗಿದ್ದು 'ಮನೋಚೈತನ್ಯ'. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ನೋಡುವ ರಾಜ್ಯ ಸರ್ಕಾರದ ಕಾರ್ಯಕ್ರಮ ಇದು, ವರ್ಷಗಳಿಂದ ನಡೆಯುತ್ತಿದೆ. ಮಂಗಳವಾರ ಒಳ್ಳೇ ಕೆಲಸ ಶುರು ಮಾಡಬಾರದು ಅನ್ನುವ ಚಿಕ್ಕಮ್ಮ, ಈಗ ಮಂಗಳವಾರ ವ್ಯಾಪಾರಕ್ಕೆ ರಜೆ ಹಾಕಿ ಮಗನ ಜೊತೆ ಬೇಲೂರಿನ ಬಸ್ ಹತ್ತುತ್ತಾರೆ. ಶಕ್ತಿ ಯೋಜನೆಯಲ್ಲಿ ಅವರಿಗೆ ಪುಕ್ಕಟೆ, ಮಗನಿಗೆ ಮಾತ್ರ ದುಡ್ಡಿನ ಟಿಕೆಟ್.

ಒಂದು ಸಲ ಜಾರಿದ. 2024ರ ಯುಗಾದಿ ಮಾರನೇ ದಿನ, ಹೊಸತೊಡಕಿನ ಪಾರ್ಟಿಯಲ್ಲಿ. ನಾಲ್ಕು ದಿನ ಪತ್ತೆ ಇರಲಿಲ್ಲ, ಬಾಣಾವರದಲ್ಲಿ ಸಿಕ್ಕ. ಊರಿನವರು "ನಾಯಿ ಬಾಲ ಡೊಂಕೇ" ಅಂದರು. ಡಾಕ್ಟರು ಮಾತ್ರ, "ಶುಗರ್ ಒಂದ್ಸಲ ಜಾಸ್ತಿ ಆದ್ರೆ ಮಾತ್ರೆ ನಿಲ್ಲಿಸ್ತೀರಾ? ಇದೂ ಹಂಗೇ. ಮುಂದಿನ ವಾರ ಬನ್ನಿ" ಅಂತ ಚೀಟಿ ಬರೆದುಕೊಟ್ಟರು. ಈಗ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತಾನೆ, ಮೂಟೆ ತೂಕ ಹಾಕಿಸುತ್ತಾನೆ. ಪೀಣ್ಯದ ಸಂಬಳದ ಅರ್ಧ. ಬೆನ್ನು ಇನ್ನೂ ನೋಯುತ್ತದೆ, ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಾನೆ.

ನಿಮಗೆ ಇಂಥ ಯಾರಾದರೂ ಗೊತ್ತಿದ್ದರೆ ಮೂರು ನಂಬರ್ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ನಶೆ ಬಿಡಿಸುವ ಸಹಾಯಕ್ಕೆ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ರಸ್ತೆಯಲ್ಲಿ ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ 112. ಪೊಲೀಸರ ಹತ್ತಿರ ಮಾತಾಡುವಾಗ ಸೆಕ್ಷನ್ 100 ಅಂತ ಒಂದು ಸಲ ಬಾಯಿಬಿಟ್ಟು ಹೇಳಿ. ಎರಡನೇ ಠಾಣೆಯಲ್ಲಿ ನಾನು ಹೇಳಿದೆ. ಕುರ್ಚಿ ಕೊಟ್ಟು ಕೂರಿಸಿದರು, ಬರೆದುಕೊಂಡರು.

ಹೋದ ಸಲ ಊರಿಗೆ ಹೋದಾಗ, ಬೀದಿಯಲ್ಲಿದ್ದಾಗ ಜೊತೆಗೆ ಯಾರಿದ್ದರು ಅಂತ ಅವನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗುಬ್ಬಿ ಕಡೆಯವನೊಬ್ಬನಿದ್ದ, ಕಂಬಳಿ ಹಂಚಿಕೊಳ್ಳುತ್ತಿದ್ದೆವು ಅಂದ. ಅವನ ಮನೆಯವರಿಗೆ ಗೊತ್ತಾ?

"ಗೊತ್ತಿಲ್ಲ ಅನ್ಸುತ್ತೆ. ಅವ್ನ ಅಣ್ಣನ ಫೋನ್ ನಂಬರು ಅರ್ಧ ನೆನಪೈತೆ."

ಆರು ಅಂಕಿ ಹೇಳಿದ. ಆರನ್ನೇ ಬರೆದುಕೊಂಡಿದ್ದೇನೆ. ಬರುವ ಶನಿವಾರ ಇಬ್ಬರೂ ಗುಬ್ಬಿಯಲ್ಲಿ ಇಳಿದು, ಠಾಣೆಯಲ್ಲಿ ಆ ಹೆಸರಿನ ಕಾಣೆ ದೂರು ಏನಾದರೂ ಇದೆಯಾ ಕೇಳಬೇಕು ಅಂತ ಮಾತಾಗಿದೆ.